ಮನೆಯ ಬ್ರೆಡ್‌ಗೆ ಮೂವತ್ತು ಲೀಟರಿನ ಓಟಿಜಿ ಸಾಕೇ?

ಬ್ರೆಡ್ ಮಾಡುವುದನ್ನು ಮನೆಯಲ್ಲೇ ಕಲಿಯಬೇಕೆಂದು ಮನಸ್ಸು ಮಾಡಿದವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಓವನ್ ಯಾವುದು ತೆಗೆದುಕೊಳ್ಳಲಿ ಎಂದೇ. ಅಂಗಡಿಗೆ ಹೋದರೆ ಅವರ ಮುಂದೆ ಬಂದು ನಿಲ್ಲುವುದು 28ರಿಂದ 35 ಲೀಟರ್ ಅಳತೆಯ, ಸರಿಸುಮಾರು ಆರರಿಂದ ಹತ್ತು ಸಾವಿರ ರೂಪಾಯಿಯೊಳಗಿನ ಓಟಿಜಿಗಳು, ಅಂದರೆ ಓವನ್, ಟೋಸ್ಟರ್, ಗ್ರಿಲ್ ಮೂರೂ ಒಂದರಲ್ಲೇ ಇರುವ ವಿದ್ಯುತ್ ಪೆಟ್ಟಿಗೆಗಳು. ಈ ಬರಹ ಆ ವರ್ಗದ ಯಂತ್ರವನ್ನು ಬ್ರೆಡ್ ಒಂದನ್ನೇ ಮುಂದಿಟ್ಟುಕೊಂಡು ಪರಿಶೀಲಿಸುತ್ತದೆ. ಅದರಲ್ಲಿ ಕೇಕ್ ಹೇಗೆ ಬರುತ್ತದೆ, ಪನೀರ್ ಟಿಕ್ಕಾ ಹೇಗೆ ಸುಡುತ್ತದೆ ಎಂಬ ವಿಚಾರಕ್ಕೆ ಇಲ್ಲಿ ಹೋಗುವುದಿಲ್ಲ. ಕಂಪನಿಯ ಹೆಸರನ್ನೂ ಹೇಳುತ್ತಿಲ್ಲ, ಏಕೆಂದರೆ ಈ ಬೆಲೆಯಲ್ಲಿ ಯಾವ ಹೆಸರಿನದನ್ನು ಕೊಂಡರೂ ಒಳಗಿನ ರಚನೆ ಹೆಚ್ಚುಕಡಿಮೆ ಒಂದೇ: ತೆಳು ತಗಡಿನ ಪೆಟ್ಟಿಗೆ, ಮೇಲೆ ಎರಡು ಮತ್ತು ಕೆಳಗೆ ಎರಡು ಬಿಸಿಯಾಗುವ ಕಡ್ಡಿಗಳು, ಗಾಜಿನ ಬಾಗಿಲು, ಬಲಗಡೆ ಶಾಖಕ್ಕೊಂದು, ಕಡ್ಡಿಗಳ ಆಯ್ಕೆಗೊಂದು, ಸಮಯಕ್ಕೊಂದು ಗುಂಡಿ. ನನ್ನ ಅಡುಗೆಮನೆಯಲ್ಲಿ ಕೆಲವು ವರ್ಷಗಳಿಂದ ದುಡಿಯುತ್ತಿರುವುದು 30 ಲೀಟರಿನದು. ಬಂಧುಗಳ ಮನೆಗಳಲ್ಲಿ ಬೇರೆ ಹೆಸರಿನವುಗಳನ್ನೂ ಬಳಸಿ ನೋಡಿದ್ದೇನೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಅಚ್ಚಿನಲ್ಲಿ ಹಾಕಿ ಬೇಯಿಸುವ ಮೆತ್ತನೆಯ ಬ್ರೆಡ್, ಪಾವ್, ಬನ್, ಖಾರ ಬನ್ ಇವಿಷ್ಟಕ್ಕೆ ಈ ಯಂತ್ರ ಧಾರಾಳವಾಗಿ ಸಾಕು. ದಪ್ಪ ಗರಿಗರಿ ಸಿಪ್ಪೆಯ, ಅಚ್ಚಿಲ್ಲದೆ ನೇರವಾಗಿ ಬೇಯಿಸುವ ಯುರೋಪಿನ ಬಗೆಯ ಬ್ರೆಡ್‌ಗೆ ಇದು ತಾನಾಗಿ ಸಾಲದು. ಮುಚ್ಚಳವಿರುವ ದಪ್ಪ ಪಾತ್ರೆಯ ನೆರವು ಬೇಕಾಗುತ್ತದೆ. ಎರಡೂ ಸಂದರ್ಭಗಳಲ್ಲಿ ಶಾಖದ ಗುಂಡಿಯ ಮೇಲೆ ಅಚ್ಚಾಗಿರುವ ಅಂಕಿಯನ್ನು ಮಾತ್ರ ನಂಬುವಂತಿಲ್ಲ.

ಆ ಗುಂಡಿಯ ವಿಷಯದಿಂದಲೇ ಆರಂಭಿಸುವುದು ಸರಿ, ಏಕೆಂದರೆ ಕಲಿಯುವವರ ಉತ್ಸಾಹ ಅತಿ ಹೆಚ್ಚು ಕುಗ್ಗುವುದು ಇಲ್ಲಿಯೇ. ಈ ಬೆಲೆಯ ಓಟಿಜಿಗಳಲ್ಲಿ ಇರುವುದು ಎರಡು ಬಗೆಯ ಲೋಹಗಳನ್ನು ಬೆಸೆದ ಪಟ್ಟಿಯ ಥರ್ಮೋಸ್ಟಾಟ್. ಬಿಸಿಗೆ ಆ ಪಟ್ಟಿ ಬಾಗಿದಾಗ ವಿದ್ಯುತ್ ಸಂಪರ್ಕ ಕಡಿಯುತ್ತದೆ, ತಣ್ಣಗಾಗಿ ನೆಟ್ಟಗಾದಾಗ ಮತ್ತೆ ಕೂಡುತ್ತದೆ. ಹೀಗೆ ಒಳಗಿನ ಶಾಖ ಒಂದೇ ಅಂಕಿಯಲ್ಲಿ ನಿಲ್ಲದೆ ಮೇಲೆ ಕೆಳಗೆ ತೂಗಾಡುತ್ತಲೇ ಇರುತ್ತದೆ. ಅದೂ ಅಲ್ಲದೆ ಪಟ್ಟಿ ಇರುವುದು ಪೆಟ್ಟಿಗೆಯ ಪಕ್ಕದ ಗೋಡೆಯ ಹತ್ತಿರ. ಬ್ರೆಡ್ ಇರುವುದು ನಟ್ಟನಡುವೆ. ಹಾಗಾಗಿ ಗುಂಡಿಯನ್ನು 200ಕ್ಕೆ ತಿರುಗಿಸಿದಾಗ ನನ್ನ ಓಟಿಜಿಯ ನಡುಭಾಗದಲ್ಲಿ ಶಾಖ 180ರ ಆಸುಪಾಸಿನಲ್ಲಿ ಓಲಾಡುತ್ತದೆ. ಬಂಧುವೊಬ್ಬರ ಮನೆಯದರಲ್ಲಿ ಇದು ತಿರುವುಮುರುವು: ಹೇಳಿದ್ದಕ್ಕಿಂತ ಹೆಚ್ಚೇ ಕಾಯುತ್ತದೆ. ಇದನ್ನು ತಿಳಿಯಲು ಇರುವ ದಾರಿ, ತಂತಿಯ ಜಾಲರಿಯ ಮೇಲೆ ನಿಲ್ಲಿಸಬಹುದಾದ ಓವನ್ ತಾಪಮಾಪಕ. ಕೆಲವೇ ನೂರು ರೂಪಾಯಿಗಳ ಈ ವಸ್ತುವನ್ನು ಓಟಿಜಿಯ ಜೊತೆಗೆ, ಅದೇ ದಿನ ಕೊಳ್ಳಬೇಕು ಎಂದು ಒತ್ತಿ ಹೇಳುತ್ತೇನೆ. ಓವನ್ನಿಗೆ ಇನ್ನೂ ಎರಡು ಸಾವಿರ ಹೆಚ್ಚು ಕೊಟ್ಟು ಕೊಳ್ಳುವ ಬದಲು ಆ ಹಣದಲ್ಲಿ ತಾಪಮಾಪಕ, ಗ್ರಾಂ ಲೆಕ್ಕದ ಡಿಜಿಟಲ್ ತಕ್ಕಡಿ ಮತ್ತು ಒಂದು ಒಳ್ಳೆಯ ಅಚ್ಚನ್ನು ಕೊಂಡರೆ ಬ್ರೆಡ್‌ನಲ್ಲಿ ಕಾಣುವ ವ್ಯತ್ಯಾಸವೇ ಬೇರೆ.

ಓಟಿಜಿ ಕಾದಿದೆ ಎಂದು ಸೂಚಿಸುವ ಕೆಂಪು ದೀಪವನ್ನೂ ಇದೇ ಅನುಮಾನದಿಂದ ನೋಡಬೇಕು. ಹತ್ತು ನಿಮಿಷಕ್ಕೆ ದೀಪ ಆರಿದರೆ ಒಳಗಿನ ಗಾಳಿ ಬಿಸಿಯಾಯಿತೆಂದಷ್ಟೇ ಅರ್ಥ. ಬಾಗಿಲು ತೆರೆದು ಅಚ್ಚನ್ನು ಒಳಗಿಡುವಷ್ಟರಲ್ಲಿ ಆ ಗಾಳಿ ಹೊರಗೆ ಹೋಗಿರುತ್ತದೆ. ಹಳೆಯ ಬೇಕರಿಗಳ ಇಟ್ಟಿಗೆ ಗೂಡಿಗೆ ಈ ತೊಂದರೆ ಇರಲಿಲ್ಲ, ಏಕೆಂದರೆ ಸೌದೆ ಉರಿದು ಮುಗಿದ ಮೇಲೂ ಇಟ್ಟಿಗೆಗಳು ಗಂಟೆಗಟ್ಟಲೆ ಶಾಖವನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಟ್ಟುಕೊಡುತ್ತಿದ್ದವು. ಓಟಿಜಿಯ ತಗಡಿಗೆ ಆ ಗುಣವಿಲ್ಲ. ಅದಕ್ಕೆ ನಮ್ಮ ಅಡುಗೆಮನೆಯಲ್ಲೇ ಒಂದು ಪರಿಹಾರವಿದೆ: ಮರದ ಅಥವಾ ಪ್ಲಾಸ್ಟಿಕ್ಕಿನ ಹಿಡಿಯಿಲ್ಲದ ದಪ್ಪ ಕಬ್ಬಿಣದ ದೋಸೆ ಕಾವಲಿ. ಅದನ್ನು ಕೆಳಗಿನ ಜಾಲರಿಯ ಮೇಲಿಟ್ಟು, ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಕಾಯಿಸಿ, ಅದರ ಮೇಲೆ ಅಚ್ಚನ್ನು ಇಟ್ಟರೆ ಬ್ರೆಡ್‌ನ ತಳಕ್ಕೆ ತಕ್ಷಣ ಶಾಖ ಮುಟ್ಟುತ್ತದೆ ಮತ್ತು ಬಾಗಿಲು ತೆರೆದಾಗ ಆದ ನಷ್ಟ ಬೇಗ ತುಂಬುತ್ತದೆ. ಕಾವಲಿಯ ಸುತ್ತ ಗಾಳಿ ಆಡಲು ಒಂದೆರಡು ಬೆರಳಿನಷ್ಟಾದರೂ ಜಾಗ ಉಳಿಯಬೇಕು ಎಂಬುದೊಂದೇ ಷರತ್ತು.

ಇನ್ನೊಂದು ಕೊರತೆ ಎತ್ತರದ್ದು. ಮೂವತ್ತು ಲೀಟರಿನ ಓಟಿಜಿಯ ಒಳಗಿನ ಎತ್ತರ ಹೆಚ್ಚೆಂದರೆ ಒಂದು ಗೇಣು. ಅಚ್ಚನ್ನು ನಡುವಿನ ಅಂತಸ್ತಿನಲ್ಲಿಟ್ಟರೆ ಉಬ್ಬಿದ ಬ್ರೆಡ್‌ನ ನೆತ್ತಿ ಮೇಲಿನ ಕಡ್ಡಿಗಳಿಗೆ ತೀರಾ ಸಮೀಪಿಸಿ, ಒಳಗೆ ಹಸಿಯಿರುವಾಗಲೇ ಮೇಲೆ ಕಪ್ಪಾಗುತ್ತದೆ. ಆದ್ದರಿಂದ ಅಚ್ಚಿನ ಬ್ರೆಡ್‌ಗೆ ಯಾವಾಗಲೂ ಅತಿ ಕೆಳಗಿನ ಅಂತಸ್ತೇ ಸರಿ. ಅರ್ಧ ಬೆಂದ ಮೇಲೆ, ಮೇಲ್ಮೈ ಹೊಂಬಣ್ಣಕ್ಕೆ ತಿರುಗಿದ ಕೂಡಲೇ, ಅಲ್ಯೂಮಿನಿಯಂ ಹಾಳೆಯನ್ನು ಸಡಿಲವಾಗಿ ಹೊದಿಸಿ ಉಳಿದ ಸಮಯ ಬೇಯಿಸಬೇಕು. ಫ್ಯಾನ್ ಇರುವ ಮಾದರಿಗಳಲ್ಲಿ ಬಣ್ಣ ಎಲ್ಲ ಕಡೆ ಸಮನಾಗಿ ಬರುತ್ತದೆ ಎಂಬುದು ನಿಜ. ಆದರೆ ಆರಂಭದಿಂದಲೇ ಫ್ಯಾನ್ ಹಾಕಿದರೆ ಮೇಲ್ಮೈ ಬೇಗ ಒಣಗಿ ಗಟ್ಟಿಯಾಗಿ, ಬ್ರೆಡ್ ಇನ್ನೂ ಉಬ್ಬಬೇಕಾದ ಮೊದಲ ಹತ್ತು ನಿಮಿಷಗಳಲ್ಲಿ ಅದನ್ನು ತಡೆಹಿಡಿಯುತ್ತದೆ. ಮೊದಲ ಹತ್ತು ಹನ್ನೆರಡು ನಿಮಿಷ ಫ್ಯಾನ್ ಇಲ್ಲದೆ ಬೇಯಿಸಿ ಆಮೇಲೆ ಹಾಕುವುದು ಮೇಲು. ಫ್ಯಾನನ್ನು ಬೇರೆಯಾಗಿ ನಿಲ್ಲಿಸಲು ಬರುವ ಮಾದರಿಯನ್ನೇ ಆರಿಸಿಕೊಳ್ಳಬೇಕು ಎಂದು ಹೇಳುವುದಕ್ಕೆ ಇದೇ ಕಾರಣ.

ಯಂತ್ರದ ಶಕ್ತಿಯನ್ನು ಅದರಿಂದ ನಾವು ಬಯಸುವ ಬ್ರೆಡ್‌ನ ಜೊತೆಯಲ್ಲಿಟ್ಟು ಅಳೆಯುವುದು ನ್ಯಾಯ. ಕರ್ನಾಟಕದಲ್ಲಿ ಬೆಳೆದವರ ನಾಲಿಗೆಗೆ ಬ್ರೆಡ್ ಎಂದರೆ ಏನೆಂಬುದನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಅಯ್ಯಂಗಾರ್ ಬೇಕರಿಗಳು. 1898ರಲ್ಲಿ ಎಚ್.ಎಸ್. ತಿರುಮಲಾಚಾರ್ ಅವರು ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಆರಂಭಿಸಿದ ಬಿ.ಬಿ. ಬೇಕರಿಯ ತರುವಾಯ, ಹಾಸನದ ಕಡೆಯಿಂದ ಬಂದ ಕುಟುಂಬಗಳು ಊರೂರಿನಲ್ಲಿ ನಡೆಸಿಕೊಂಡು ಬಂದ ಈ ಬೇಕರಿಗಳಲ್ಲಿ ಮೊಟ್ಟೆಯಿಲ್ಲದ, ತುಸು ಸಿಹಿಯ, ಒತ್ತಿದರೆ ಮತ್ತೆ ಮೇಲೇಳುವ ಮೆತ್ತನೆಯ ಬ್ರೆಡ್ಡೇ ಮುಖ್ಯ. ಬೆಣ್ಣೆ ಹಚ್ಚಿ ಈರುಳ್ಳಿ ಖಾರ ಹಾಕಿ ಟೋಸ್ಟ್ ಮಾಡಿದರೂ, ಹಾಲಿನಲ್ಲಿ ಅದ್ದಿ ಮಗುವಿಗೆ ತಿನ್ನಿಸಿದರೂ ಸೈ ಎನಿಸುವ ಬ್ರೆಡ್ ಅದು. ಇಂಥ ಬ್ರೆಡ್‌ಗೆ ಬೇಕಾದ ಶಾಖ 180ರಿಂದ 200 ಡಿಗ್ರಿ, ಸಮಯ ಮೂವತ್ತರಿಂದ ಮೂವತ್ತೈದು ನಿಮಿಷ. ಅಚ್ಚಿನ ಗೋಡೆಗಳೇ ಅದಕ್ಕೆ ಆಕಾರ ಕೊಡುತ್ತವೆ. ಓಟಿಜಿ ಈ ಕೆಲಸವನ್ನು ಯಾವ ಗೊಣಗಾಟವೂ ಇಲ್ಲದೆ ಮಾಡುತ್ತದೆ.

ಯುರೋಪಿನ ಸಿಪ್ಪೆ ಬ್ರೆಡ್‌ನ ಕತೆ ಬೇರೆ. ಅದಕ್ಕೆ ಸುಮಾರು 230 ಡಿಗ್ರಿ ಅಥವಾ ಅದಕ್ಕೂ ಹೆಚ್ಚಿನ ಶಾಖ ಮತ್ತು ಮೊದಲ ಹದಿನೈದು ಇಪ್ಪತ್ತು ನಿಮಿಷ ತುಂಬು ಹಬೆ ಬೇಕು. ಹಬೆ ಹಿಟ್ಟಿನ ಮೇಲ್ಮೈಯನ್ನು ತೇವವಾಗಿಟ್ಟು ಪೂರ್ತಿ ಉಬ್ಬಲು ಬಿಡುತ್ತದೆ. ಆ ತೇವದಲ್ಲಿ ಪಿಷ್ಟ ಬೆಂದು ಅಂಟಾಗಿ, ಹಬೆ ಹೋದ ಮೇಲೆ ಒಣಗಿ ಹೊಳಪಿನ ಗರಿಗರಿ ಸಿಪ್ಪೆಯಾಗುತ್ತದೆ. ಓಟಿಜಿಯ ಬಾಗಿಲಿನ ಸುತ್ತ ರಬ್ಬರಿನ ಬಿಗಿಯಿಲ್ಲ. ಒಳಗೆ ತಟ್ಟೆಯಲ್ಲಿ ಕುದಿಯುವ ನೀರು ಇಟ್ಟರೆ ಹಬೆಯೆಲ್ಲ ಸಂದಿಯಿಂದ ಹೊರಬಂದು ಗಾಜನ್ನು ಮಬ್ಬಾಗಿಸುತ್ತದೆಯೇ ಹೊರತು ಬ್ರೆಡ್‌ನ ಸುತ್ತ ನಿಲ್ಲುವುದಿಲ್ಲ. ಬಿಸಿ ಗಾಜಿನ ಮೇಲೆ ತಣ್ಣೀರು ಎರಚಿದರೆ ಅದು ಸೀಳುವ ಅಪಾಯವೂ ಉಂಟು. ಆದ್ದರಿಂದ ಮುಚ್ಚಳವಿರುವ ಎರಕದ ಕಬ್ಬಿಣದ ಅಥವಾ ದಪ್ಪ ತಳದ ಲೋಹದ ಪಾತ್ರೆಯನ್ನು ಒಳಗೇ ಕಾಯಿಸಿ, ಹಿಟ್ಟನ್ನು ಅದರಲ್ಲಿಳಿಸಿ ಮುಚ್ಚಿ ಬೇಯಿಸುವುದೊಂದೇ ದಾರಿ. ಹಿಟ್ಟಿನ ನೀರೇ ಮುಚ್ಚಳದೊಳಗೆ ಹಬೆಯಾಗುತ್ತದೆ. ಪಾತ್ರೆಯ ಮುಚ್ಚಳದ ಗುಬುಟು ಪ್ಲಾಸ್ಟಿಕ್ಕಿನದಾಗಿದ್ದರೆ ಅದನ್ನು ಬಿಚ್ಚಿಡಬೇಕು. ಗೇಣೆತ್ತರದ ಪೆಟ್ಟಿಗೆಯೊಳಗೆ ಹಿಡಿಸುವ ಪಾತ್ರೆ ಚಿಕ್ಕದಾದ್ದರಿಂದ 300 ಗ್ರಾಂ ಹಿಟ್ಟಿಗಿಂತ ಹೆಚ್ಚಿನ ಬ್ರೆಡ್ ಇಲ್ಲಿ ಕಷ್ಟ, ಮತ್ತು ಸುಡುವ ಕಬ್ಬಿಣದ ಪಾತ್ರೆಯನ್ನು ಅಷ್ಟು ಇಕ್ಕಟ್ಟಿನಲ್ಲಿ ಒಳಗೆ ಹೊರಗೆ ಆಡಿಸುವುದು ಮೊಣಕೈಗೆ ಕ್ಷೇಮವಲ್ಲ. ಇಂಥ ಸಿಪ್ಪೆಯ ಹುಳಿ ಹಿಟ್ಟಿನ (ಸೋರ್‌ಡೋ) ಬ್ರೆಡ್ಡನ್ನೇ ಕಲಿಯಬೇಕೆಂದು ಹಟವಿರುವವರು 40 ಲೀಟರಿಗಿಂತ ದೊಡ್ಡದನ್ನು, 250 ಡಿಗ್ರಿಯವರೆಗೆ ಹೋಗುವುದನ್ನು ನೋಡಲಿ.

ಮನೆಯಲ್ಲಿ ಈಗಾಗಲೇ ಕನ್ವೆಕ್ಷನ್ ಮೈಕ್ರೋವೇವ್ ಇರುವವರು ಇನ್ನೊಂದು ಪೆಟ್ಟಿಗೆ ಏಕೆ ಎಂದು ಕೇಳುವುದು ಸಹಜ. ಅದರಲ್ಲೂ ಬ್ರೆಡ್ ಬೇಯುತ್ತದೆ. ಆದರೆ ಬಹುತೇಕ ಮಾದರಿಗಳಲ್ಲಿ ಕೆಳಗಿನಿಂದ ಕಾಯಿಸುವ ಕಡ್ಡಿಯಿಲ್ಲದೆ ಬಿಸಿ ಗಾಳಿಯೊಂದೇ ಕೆಲಸ ಮಾಡುವುದರಿಂದ ತಳ ಬಿಳಚಿಕೊಂಡು ಒದ್ದೆಯಾಗಿ ಉಳಿಯುತ್ತದೆ. ಅಚ್ಚಿನಿಂದ ತೆಗೆದು ಬರಿದೇ ಇನ್ನೈದು ನಿಮಿಷ ಇಟ್ಟರೆ ಸರಿಹೋಗುತ್ತದೆ. ಅದು ಇರುವವರು ಅದರಲ್ಲೇ ಕಲಿತು, ಹವ್ಯಾಸ ಉಳಿದುಕೊಂಡರೆ ಮಾತ್ರ ಓಟಿಜಿಗೆ ಹಣ ಹಾಕುವುದು ಜಾಣತನ.

ಓವನ್ ಎಷ್ಟೇ ಚೆನ್ನಾಗಿದ್ದರೂ ಅದರೊಳಗೆ ಹೋಗುವ ಹಿಟ್ಟು ಸರಿಯಿಲ್ಲದಿದ್ದರೆ ಯಂತ್ರವನ್ನು ದೂರಿ ಫಲವಿಲ್ಲ. ಓಟಿಜಿಯ ಬಗ್ಗೆ ಬರುವ ದೂರುಗಳಲ್ಲಿ ಅರ್ಧದಷ್ಟು ವಾಸ್ತವದಲ್ಲಿ ಹಿಟ್ಟಿನ ದೂರುಗಳು ಎಂಬುದು ನನ್ನ ಅನಿಸಿಕೆ. ಗೋಧಿಯಲ್ಲಿರುವ ಗ್ಲಯಾಡಿನ್ ಮತ್ತು ಗ್ಲುಟೆನಿನ್ ಎಂಬ ಪ್ರೋಟೀನುಗಳು ನೀರು ಸೇರಿ ನಾದಿದಾಗ ಗ್ಲುಟೆನ್ ಎಂಬ ಜಾಲವಾಗುತ್ತವೆ. ಯೀಸ್ಟ್ ಬಿಡುವ ಅನಿಲವನ್ನು ಹಿಡಿದಿಟ್ಟು ಬ್ರೆಡ್ಡನ್ನು ಮೇಲೆತ್ತುವುದು ಆ ಜಾಲ. ಅಂಗಡಿಯ ಸಾಮಾನ್ಯ ಮೈದಾ ಪೊಟ್ಟಣದ ಮೇಲೆ 100 ಗ್ರಾಂಗೆ 10ರಿಂದ 11 ಗ್ರಾಂ ಪ್ರೋಟೀನ್ ಎಂದು ಬರೆದಿರುತ್ತದೆ. ಅಚ್ಚಿನ ಬ್ರೆಡ್‌ಗೆ ಇಷ್ಟು ಸಾಕು. ಗಿರಣಿಯಲ್ಲಿ ಬೀಸಿಸಿದ ಗೋಧಿ ಹಿಟ್ಟಿನಲ್ಲಿ ಪ್ರೋಟೀನ್ ಇನ್ನೂ ಹೆಚ್ಚಿದ್ದರೂ ಬ್ರೆಡ್ ಅಷ್ಟು ಎತ್ತರಕ್ಕೆ ಬರುವುದಿಲ್ಲ, ಏಕೆಂದರೆ ಅದರಲ್ಲಿರುವ ತೌಡು ಗ್ಲುಟೆನ್ ಜಾಲವನ್ನು ಅಲ್ಲಲ್ಲಿ ಕತ್ತರಿಸುತ್ತದೆ, ಬೀಸುವ ಕಲ್ಲಿನ ಒತ್ತಡಕ್ಕೆ ಪಿಷ್ಟದ ಕಣಗಳು ಒಡೆದು ನೀರನ್ನು ಮಿತಿಮೀರಿ ಹೀರುತ್ತವೆ. ಚಪಾತಿಗೆ ವರವಾಗುವ ಈ ಗುಣ ಬ್ರೆಡ್‌ಗೆ ತೊಡಕಾಗುತ್ತದೆ. ಬೆಳಗಾವಿ, ಬಾಗಲಕೋಟೆ ಕಡೆ ಬೆಳೆಯುವ ಕಪ್ಲಿ ಗೋಧಿಯ ರುಚಿ ಎಷ್ಟೇ ಸೊಗಸಾದರೂ ಅದರ ಗ್ಲುಟೆನ್ ಇನ್ನೂ ದುರ್ಬಲ; ಅದನ್ನು ಒಟ್ಟು ಹಿಟ್ಟಿನ ಕಾಲು ಭಾಗದಷ್ಟು ಬೆರೆಸಿ ರುಚಿ ನೋಡಬಹುದೇ ಹೊರತು ಪೂರ್ತಿ ಅದರದೇ ಬ್ರೆಡ್ ಮಾಡಲು ಹೋದರೆ ಕೈಗೆ ಬರುವುದು ಇಟ್ಟಿಗೆ. ಮೊದಲು ಪೂರ್ತಿ ಮೈದಾದಲ್ಲಿ ಹದ ಕಲಿತು, ಆಮೇಲೆ ಗೋಧಿ ಹಿಟ್ಟನ್ನು ಮೂರನೇ ಒಂದು ಭಾಗ, ನಂತರ ಅರ್ಧ ಹೀಗೆ ಏರಿಸುವುದು ಒಳ್ಳೆಯದು. ಆರೋಗ್ಯದ ಹೆಸರಿನಲ್ಲಿ ಮೊದಲ ದಿನವೇ ನೂರಕ್ಕೆ ನೂರು ಗೋಧಿ ಹಿಟ್ಟಿನಿಂದ ಆರಂಭಿಸಿದವರಲ್ಲಿ ಹೆಚ್ಚಿನವರು ಎರಡನೆಯ ಬ್ರೆಡ್ ಮಾಡುವುದಿಲ್ಲ.

ಹಿಟ್ಟಿನ ದೌರ್ಬಲ್ಯವನ್ನು ಮರೆಮಾಚಲು ಬೇಕರಿಗಳು ಹಿಂದೆ ಪೊಟ್ಯಾಸಿಯಂ ಬ್ರೋಮೇಟ್ ಬಳಸುತ್ತಿದ್ದವು. 2016ರ ಮೇ ತಿಂಗಳಲ್ಲಿ ವಿಜ್ಞಾನ ಮತ್ತು ಪರಿಸರ ಕೇಂದ್ರವು ದೆಹಲಿಯ ಬ್ರೆಡ್ ಮಾದರಿಗಳನ್ನು ಪರೀಕ್ಷಿಸಿ ವರದಿ ಪ್ರಕಟಿಸಿದ ಮೇಲೆ, ಮರುತಿಂಗಳೇ ಆಹಾರ ಸುರಕ್ಷತಾ ಪ್ರಾಧಿಕಾರ ಈ ರಾಸಾಯನಿಕವನ್ನು ನಿಷೇಧಿಸಿತು. ಮನೆಯಲ್ಲಿ ಅಂಥ ರಾಸಾಯನಿಕದ ಬದಲು ಬಳಸಬೇಕಾದ್ದು ಸಮಯ. ಹಿಟ್ಟಿಗೆ ನೀರು ಬೆರೆಸಿ ಅರ್ಧ ಗಂಟೆ ಮುಚ್ಚಿಟ್ಟರೆ ನಾದುವ ಮೊದಲೇ ಜಾಲ ತಾನಾಗಿ ಕಟ್ಟಲು ಶುರುವಾಗುತ್ತದೆ. ಆಮೇಲೆ ಹತ್ತು ನಿಮಿಷ ನಾದಿದರೆ ಸಾಕಾಗುತ್ತದೆ. ನಾದಿದ್ದು ಸಾಕಾಯಿತೇ ಎಂದು ತಿಳಿಯಲು ನಿಂಬೆಹಣ್ಣಿನ ಗಾತ್ರದ ತುಂಡನ್ನು ತೆಗೆದು ನಾಲ್ಕೂ ಬೆರಳುಗಳಿಂದ ನಿಧಾನವಾಗಿ ಎಳೆಯಬೇಕು. ಹರಿಯದೆ, ಆಚೆಯ ಬೆಳಕು ಕಾಣುವಷ್ಟು ತೆಳ್ಳಗೆ ಪೊರೆಯಾದರೆ ಹಿಟ್ಟು ಸಿದ್ಧ. ಅಂಚು ಚೂರುಚೂರಾಗಿ ಹರಿದರೆ ಇನ್ನೂ ನಾದಬೇಕು.

ಇನ್ನು ಅಳತೆ. ಒಂದು ಲೋಟ ಮೈದಾವನ್ನು ಸಡಿಲವಾಗಿ ತುಂಬುವುದಕ್ಕೂ ತಟ್ಟಿ ತುಂಬುವುದಕ್ಕೂ ಇಪ್ಪತ್ತು ಮೂವತ್ತು ಗ್ರಾಂ ವ್ಯತ್ಯಾಸ ಬರುತ್ತದೆ. ಮೂರು ಲೋಟದ ಹೊತ್ತಿಗೆ ಹದ ಪೂರ್ತಿ ಬದಲಾಗಿರುತ್ತದೆ. ಬೇಕರಿಯವರ ಲೆಕ್ಕದಲ್ಲಿ ಹಿಟ್ಟು ಯಾವಾಗಲೂ ನೂರು, ಉಳಿದದ್ದೆಲ್ಲ ಅದರ ಶೇಕಡಾವಾರು. 9 ಇಂಚು ಉದ್ದ 5 ಇಂಚು ಅಗಲದ ಅಚ್ಚಿಗೆ 450 ಗ್ರಾಂ ಮೈದಾ ಎಂದಿಟ್ಟುಕೊಂಡರೆ, ಶೇ 65ರಂತೆ ಹಾಲು ಮತ್ತು ನೀರು ಸೇರಿ ಸುಮಾರು 290 ಗ್ರಾಂ, ಶೇ 2ರಂತೆ ಉಪ್ಪು 9 ಗ್ರಾಂ, ಶೇ 1ರಂತೆ ಇನ್‌ಸ್ಟಂಟ್ ಯೀಸ್ಟ್ 4ರಿಂದ 5 ಗ್ರಾಂ, ಸಕ್ಕರೆ 25 ಗ್ರಾಂ, ಬೆಣ್ಣೆ 30 ಗ್ರಾಂ. ಮೂವತ್ತು ಲೀಟರಿನ ಓಟಿಜಿಗೆ ಈ ಅಚ್ಚು ನೆಮ್ಮದಿಯಾಗಿ ಹಿಡಿಸುತ್ತದೆ. 8 ಇಂಚಿಗೆ 4 ಇಂಚಿನ ಚಿಕ್ಕ ಅಚ್ಚುಗಳಾದರೆ ಎರಡನ್ನು ಪಕ್ಕಪಕ್ಕದಲ್ಲಿಟ್ಟು, ಪ್ರತಿಯೊಂದಕ್ಕೂ 350 ಗ್ರಾಂ ಹಿಟ್ಟಿನ ಲೆಕ್ಕದಲ್ಲಿ ಒಟ್ಟಿಗೇ ಬೇಯಿಸಬಹುದು. ಅರ್ಧ ಸಮಯವಾದ ಮೇಲೆ ಅವುಗಳನ್ನು ತಿರುಗಿಸಿ ಅದಲುಬದಲು ಮಾಡುವುದನ್ನು ಮರೆಯಬಾರದು, ಏಕೆಂದರೆ ಓಟಿಜಿಗಳಲ್ಲಿ ಸಾಮಾನ್ಯವಾಗಿ ಬಾಗಿಲಿನ ಕಡೆ ಶಾಖ ಕಡಿಮೆ.

ಯೀಸ್ಟಿನ ವಿಷಯದಲ್ಲಿ ಹೊಸಬರಿಗೆ ಇನ್‌ಸ್ಟಂಟ್ ಯೀಸ್ಟೇ ಸಲೀಸು. ಅದನ್ನು ನೆನೆಸದೆ ನೇರವಾಗಿ ಹಿಟ್ಟಿಗೆ ಬೆರೆಸಬಹುದು. ಪೊಟ್ಟಣ ಒಡೆದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಫ್ರೀಜರಿನಲ್ಲಿಟ್ಟರೆ ತಿಂಗಳುಗಟ್ಟಲೆ ಶಕ್ತಿ ಉಳಿಯುತ್ತದೆ. ಕುದಿಬಿಸಿ ಹಾಲು ಸುರಿಯುವುದು ಮಾತ್ರ ಅದಕ್ಕೆ ಮರಣಶಾಸನ: 55ರಿಂದ 60 ಡಿಗ್ರಿಯಲ್ಲಿ ಯೀಸ್ಟ್ ಸಾಯುತ್ತದೆ. ಹಿಟ್ಟು ಒಂದು ಗಂಟೆಯಲ್ಲಿ ಎರಡರಷ್ಟಾಗಬೇಕು ಎಂದು ಬರೆದಿರುವ ಪಾಕವಿಧಾನಗಳನ್ನು ಊರು ಮತ್ತು ಋತು ನೋಡಿ ಓದಿಕೊಳ್ಳಬೇಕು. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ತಣ್ಣೀರಿನಲ್ಲಿ ಕಲಸಿದರೂ ಮುಕ್ಕಾಲು ಗಂಟೆಯೊಳಗೆ ಹಿಟ್ಟು ಪಾತ್ರೆಯ ಬಾಯಿಗೆ ಬರಬಹುದು. ಡಿಸೆಂಬರಿನ ಬೆಂಗಳೂರಿನಲ್ಲಿ ಅದೇ ಹಿಟ್ಟಿಗೆ ಎರಡು ಗಂಟೆ ಹಿಡಿಯುತ್ತದೆ. ಇಡ್ಲಿ ಹಿಟ್ಟಿನ ಹುದುಗಿಗೆ ಗಡಿಯಾರ ನೋಡದ ನಾವು ಬ್ರೆಡ್‌ಗೆ ಮಾತ್ರ ಗಡಿಯಾರ ನೋಡುತ್ತೇವೆ. ಅಚ್ಚಿನಲ್ಲಿ ಉಬ್ಬಿದ ಹಿಟ್ಟನ್ನು ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಬಿದ್ದ ಗುಳಿ ನಿಧಾನವಾಗಿ ಅರ್ಧದಷ್ಟು ಮಾತ್ರ ತುಂಬಿದರೆ ಒಲೆಗೆ ಇಡಲು ಅದೇ ಸಮಯ. ಓಟಿಜಿ ಇಲ್ಲಿಯೂ ಒಂದು ಉಪಕಾರ ಮಾಡುತ್ತದೆ: ಚಳಿಗಾಲದಲ್ಲಿ ಅದನ್ನು ಎರಡೇ ನಿಮಿಷ ಕಾಯಿಸಿ ಆರಿಸಿ, ಒಳಗೆ ಬಿಸಿನೀರಿನ ಲೋಟದ ಜೊತೆ ಹಿಟ್ಟನ್ನಿಟ್ಟರೆ ಬೆಚ್ಚನೆಯ ಗೂಡಾಗುತ್ತದೆ.

ಬ್ರೆಡ್ ಬೆಂದಿದೆಯೇ ಎಂದು ತಿಳಿಯುವ ಬಗ್ಗೆ ಒಂದು ಮಾತನ್ನು ಸೇರಿಸಲೇಬೇಕು. ತಳ ತಟ್ಟಿದಾಗ ಟೊಳ್ಳು ಸದ್ದು ಬರಬೇಕು ಎಂಬ ಹಳೆಯ ಪರೀಕ್ಷೆ ಮೆತ್ತನೆಯ ಅಚ್ಚಿನ ಬ್ರೆಡ್‌ಗೆ ಅಷ್ಟಾಗಿ ಹೊಂದುವುದಿಲ್ಲ. ಚುಚ್ಚಿ ನೋಡುವ ತಾಪಮಾಪಕವಿದ್ದರೆ ನಡುಭಾಗ 92ರಿಂದ 94 ಡಿಗ್ರಿಯಾದಾಗ ತೆಗೆಯಬಹುದು. ಕೆಲವು ವಿದೇಶಿ ಪಾಕವಿಧಾನಗಳು 98, 99 ಡಿಗ್ರಿಯವರೆಗೆ ಕಾಯಲು ಹೇಳುತ್ತವೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ಬ್ರೆಡ್‌ನ ಒಳಗೆ ನೀರಿರುವ ತನಕ ಶಾಖ ಅದನ್ನು ದಾಟುವುದಿಲ್ಲ. ಮಂಗಳೂರಿನಲ್ಲಿ ಕುಳಿತವರಿಗೆ ಆ ಅಂಕಿ ಸಿಗಬಹುದು. ಬೆಂಗಳೂರಿನವರು, ಮಡಿಕೇರಿಯವರು 99ಕ್ಕಾಗಿ ಕಾಯುತ್ತ ಕೂತರೆ ಬ್ರೆಡ್ ರಸ್ಕ್ ಆಗುತ್ತದೆ.

ಓಟಿಜಿಯ ಸಾಮರ್ಥ್ಯವನ್ನು ಪರೀಕ್ಷಿಸಲು ನಾನು ಎಲ್ಲರಿಗೂ ಹೇಳುವುದು ಖಾರ ಬನ್ ಮಾಡಿ ನೋಡಿ ಎಂದು, ಏಕೆಂದರೆ ಸಮ ದೂರದಲ್ಲಿ ಜೋಡಿಸಿದ ಬನ್‌ಗಳು ಯಂತ್ರದ ಯಾವ ಮೂಲೆ ಬಿಸಿ, ಯಾವ ಮೂಲೆ ತಣ್ಣಗೆ ಎಂಬುದನ್ನು ತಮ್ಮ ಬಣ್ಣದಲ್ಲೇ ತೋರಿಸುತ್ತವೆ. 300 ಗ್ರಾಂ ಮೈದಾಕ್ಕೆ ಎಂಟು ಬನ್ ಬರುತ್ತವೆ. ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ, ಕೊತ್ತಂಬರಿ, ಕರಿಬೇವನ್ನು ಸಣ್ಣಗೆ ಹೆಚ್ಚಿಕೊಂಡು, ಈರುಳ್ಳಿಯನ್ನು ಮಾತ್ರ ಸ್ವಲ್ಪ ಎಣ್ಣೆಯಲ್ಲಿ ಬಾಡಿಸಿ ಆರಿಸಿಕೊಳ್ಳಬೇಕು. ಹಸಿ ಈರುಳ್ಳಿಯನ್ನೇ ಹಾಕಿದರೆ ಉಪ್ಪು ತಗುಲಿ ನೀರು ಬಿಟ್ಟು, ನಾದಿ ಹದಗೊಳಿಸಿದ ಹಿಟ್ಟು ಕೈಗೆ ಅಂಟುವ ಮುದ್ದೆಯಾಗುತ್ತದೆ. ಇವನ್ನೆಲ್ಲ ಬೆರೆಸಬೇಕಾದ್ದು ನಾದಿ ಮುಗಿದ ಮೇಲೆ, ಕೊನೆಯಲ್ಲಿ. ಮೊದಲೇ ಹಾಕಿದರೆ ಚೂರುಗಳು ಗ್ಲುಟೆನ್ ಜಾಲವನ್ನು ಕಟ್ಟಲು ಬಿಡುವುದಿಲ್ಲ. ಮೇಲೆ ಹಾಲು ಸವರಿ, ನಿಜವಾದ 190 ಡಿಗ್ರಿಯಲ್ಲಿ ಹದಿನೆಂಟರಿಂದ ಇಪ್ಪತ್ತು ನಿಮಿಷ ಬೇಯಿಸಿ, ಹೊರತೆಗೆದ ತಕ್ಷಣ ಬೆಣ್ಣೆ ಹಚ್ಚಬೇಕು. ನನ್ನ ಓಟಿಜಿಯಲ್ಲಿ ಹಿಂದಿನ ಬಲ ಮೂಲೆಯ ಬನ್ ಯಾವಾಗಲೂ ಎಲ್ಲಕ್ಕಿಂತ ಮೊದಲು ಕೆಂಪಗಾಗುತ್ತದೆ, ಬಾಗಿಲ ಬಳಿಯ ಎರಡು ಕೊನೆಯವರೆಗೂ ಬಿಳಿಚಾಗಿ ಉಳಿಯುತ್ತವೆ. ಹನ್ನೆರಡನೆಯ ನಿಮಿಷಕ್ಕೆ ತಟ್ಟೆಯನ್ನು ತಿರುಗಿಸಿಟ್ಟರೆ ಎಂಟೂ ಒಂದೇ ಬಣ್ಣಕ್ಕೆ ಬರುತ್ತವೆ.

ಮನೆಯ ಬ್ರೆಡ್ ಮಾರನೆಯ ದಿನವೇ ಒರಟಾಗುತ್ತದೆ ಎಂಬ ದೂರಿಗೆ ಓವನ್ ಕಾರಣವಲ್ಲ. ಬೆಂದ ಪಿಷ್ಟ ತಣ್ಣಗಾಗುತ್ತ ಮತ್ತೆ ಬಿಗಿಯುತ್ತದೆ, ಮತ್ತು ಈ ಕ್ರಿಯೆ ಅತಿ ವೇಗವಾಗಿ ನಡೆಯುವುದು ಫ್ರಿಜ್ಜಿನ ತಂಪಿನಲ್ಲಿ. ಬ್ರೆಡ್ಡನ್ನು ಫ್ರಿಜ್ಜಿನಲ್ಲಿಡುವ ನಮ್ಮ ರೂಢಿ ಬೂಸ್ಟನ್ನು ತಡೆಯುತ್ತದೆ, ಮೆದುತನವನ್ನು ಕೊಲ್ಲುತ್ತದೆ. ಎರಡು ದಿನಕ್ಕೆ ಬೇಕಾದಷ್ಟನ್ನು ಹೊರಗೆ ಡಬ್ಬಿಯಲ್ಲಿಟ್ಟು, ಉಳಿದದ್ದನ್ನು ಹೋಳು ಮಾಡಿ ಫ್ರೀಜರಿಗೆ ಹಾಕಿ, ಬೇಕಾದಾಗ ನೇರವಾಗಿ ಟೋಸ್ಟ್ ಮಾಡಿಕೊಳ್ಳುವುದು ಸರಿಯಾದ ಕ್ರಮ. ಮೆದುತನ ಇನ್ನೂ ಉಳಿಯಬೇಕೆಂದರೆ ಒಟ್ಟು ಮೈದಾದಲ್ಲಿ 25 ಗ್ರಾಂ ತೆಗೆದು, ಅದರ ಐದರಷ್ಟು ನೀರಿನಲ್ಲಿ ಕದಡಿ, ಗಂಜಿಯ ಹದಕ್ಕೆ ಕಾಯಿಸಿ ಆರಿಸಿ ಹಿಟ್ಟಿಗೆ ಸೇರಿಸುವ ಪೂರ್ವ ಏಷ್ಯಾದ ಪದ್ಧತಿಯನ್ನು ಅನುಸರಿಸಬಹುದು. ಆ ನೀರನ್ನು ಒಟ್ಟು ನೀರಿನ ಲೆಕ್ಕದಲ್ಲಿ ಕಳೆಯಬೇಕು.

ಖರ್ಚಿನ ಮಾತಿಗೆ ಬಂದರೆ, ಈ ಗಾತ್ರದ ಓಟಿಜಿಗಳು ಸಾಮಾನ್ಯವಾಗಿ 1,500ರಿಂದ 2,000 ವ್ಯಾಟಿನವು. ಕಾಯಿಸುವ ಸಮಯವೂ ಸೇರಿ ಒಂದು ಗಂಟೆಯ ಕೆಲಸಕ್ಕೆ, ನಡುನಡುವೆ ಕಡ್ಡಿಗಳು ಆರುವುದನ್ನು ಲೆಕ್ಕ ಹಿಡಿದರೆ, ಒಂದು ಯೂನಿಟ್ಟಿನ ಆಸುಪಾಸು ವಿದ್ಯುತ್ ಸಾಕಾಗುತ್ತದೆ. ಹಣಕ್ಕಿಂತ ದೊಡ್ಡ ತೊಡಕು ಪ್ಲಗ್ಗಿನದು. ಇದಕ್ಕೆ 16 ಆಂಪಿಯರಿನ ದಪ್ಪ ಪಿನ್ನಿನ ಸಾಕೆಟ್ ಬೇಕು. ಹಳೆಯ ಮನೆಗಳ ಅಡುಗೆಮನೆಯಲ್ಲಿ ಅಂಥದ್ದು ಇದ್ದರೂ ಒಂದೇ ಇರುತ್ತದೆ, ಅದನ್ನು ಇನ್ನಾವುದೋ ಯಂತ್ರ ಹಿಡಿದುಕೊಂಡಿರುತ್ತದೆ. ಮಿಕ್ಸಿಯ ಸಾಕೆಟ್ಟಿಗೆ ಎಕ್ಸ್‌ಟೆನ್ಷನ್ ಪೆಟ್ಟಿಗೆ ಸಿಕ್ಕಿಸಿ ನಡೆಸುವುದು ಅಪಾಯ. ಎಲೆಕ್ಟ್ರಿಷಿಯನ್ನರನ್ನು ಕರೆಸಿ ಬೇರೆ ಸಾಕೆಟ್ ಹಾಕಿಸುವ ಖರ್ಚನ್ನೂ ಯಂತ್ರದ ಬೆಲೆಗೆ ಸೇರಿಸಿಕೊಳ್ಳಬೇಕು. ಪೆಟ್ಟಿಗೆಯ ಹೊರಮೈ ಕೈ ಸುಡುವಷ್ಟು ಕಾಯುವುದರಿಂದ ಗೋಡೆಯಿಂದ ನಾಲ್ಕು ಬೆರಳು ದೂರವಿರಬೇಕು, ಮೇಲೆ ಏನನ್ನೂ ಇಡಬಾರದು, ಮಕ್ಕಳಿರುವ ಮನೆಯಲ್ಲಿ ಎತ್ತರದಲ್ಲಿರಬೇಕು. ಜೊತೆಗೆ ಕೊಡುವ ಇಕ್ಕಳ ತಟ್ಟೆಯನ್ನು ಎತ್ತಲು ಪರವಾಗಿಲ್ಲ. ಹಿಟ್ಟು ತುಂಬಿದ ಅಚ್ಚಿಗೆ ಅದು ಸಾಲದು, ಮೊಣಕೈವರೆಗಿನ ದಪ್ಪ ಕೈಗವಸು ಬೇಕು.

ಯಂತ್ರ ಕೊಂಡ ಮೇಲೂ ಕೈಹಿಡಿದು ಕಲಿಸುವವರು ಬೇಕೆನಿಸಿದರೆ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಕೇಂದ್ರವಿದೆ. ಅಲ್ಪಾವಧಿಯ ತರಬೇತಿಗಳೂ ಅಲ್ಲಿ ನಡೆಯುತ್ತವೆ. ಆದರೆ ಬೇಕರಿಯ ದೊಡ್ಡ ಓವನ್ನಿನ ಮುಂದೆ ಕಲಿತ ಸಮಯ ಮತ್ತು ಶಾಖದ ಅಂಕಿಗಳನ್ನು ಮನೆಯ ಓಟಿಜಿಗೆ ಹಾಗೆಯೇ ಇಳಿಸಲಾಗುವುದಿಲ್ಲ. ಅಲ್ಲಿಂದ ತರಬೇಕಾದ್ದು ಹಿಟ್ಟಿನ ಹದದ ಅರಿವು.

ಇಷ್ಟಾಗಿ, ವಾರಕ್ಕೊಂದು ಬ್ರೆಡ್, ಆಗೊಮ್ಮೆ ಈಗೊಮ್ಮೆ ಬನ್ ಮಾಡುವ ನಾಲ್ಕೈದು ಮಂದಿಯ ಮನೆಗೆ 30 ಲೀಟರಿನ ಓಟಿಜಿಯನ್ನು ನಾನು ಸಂಶಯವಿಲ್ಲದೆ ಶಿಫಾರಸು ಮಾಡುತ್ತೇನೆ. 20 ಲೀಟರಿಗಿಂತ ಚಿಕ್ಕವು ಬ್ರೆಡ್‌ಗೆ ಬೇಡ. ಅವುಗಳಲ್ಲಿ ನೆತ್ತಿ ಸುಡುವುದನ್ನು ತಪ್ಪಿಸಲು ಯಾವ ಉಪಾಯವೂ ನಡೆಯುವುದಿಲ್ಲ. ಡಿಜಿಟಲ್ ಪರದೆ, ಹತ್ತು ಹದಿನಾರು ಬಗೆಯ ಸಿದ್ಧ ಮೆನು, ಕೋಳಿ ತಿರುಗಿಸುವ ಸಲಾಕೆ ಇವುಗಳಿಗಾಗಿ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ. ಮೇಲಿನ ಮತ್ತು ಕೆಳಗಿನ ಕಡ್ಡಿಗಳನ್ನು ಬೇರೆಬೇರೆಯಾಗಿ ಹೊತ್ತಿಸಲು ಬರಬೇಕು, ಫ್ಯಾನ್ ಪ್ರತ್ಯೇಕವಾಗಿ ನಿಲ್ಲಬೇಕು, ಗುಂಡಿ 230 ಡಿಗ್ರಿಯವರೆಗಾದರೂ ಹೋಗಬೇಕು, ದುರಸ್ತಿ ಮಾಡುವವರು ನಿಮ್ಮ ಊರಿನಲ್ಲೇ ಇರಬೇಕು. ಅಂಗಡಿಗೆ ಹೋಗುವಾಗ ನಿಮ್ಮ ಅಚ್ಚನ್ನೋ ದೋಸೆ ಕಾವಲಿಯನ್ನೋ ಚೀಲದಲ್ಲಿ ಹಾಕಿಕೊಂಡು ಹೋಗಿ, ಪ್ರದರ್ಶನಕ್ಕಿಟ್ಟ ಓಟಿಜಿಯೊಳಗೆ ಇಟ್ಟು ಬಾಗಿಲು ಪೂರ್ತಿ ಮುಚ್ಚುತ್ತದೆಯೇ ಎಂದು ನೋಡಿಯೇ ಹಣ ಕೊಡಿ. ಅಂಗಡಿಯವರು ವಿಚಿತ್ರವಾಗಿ ನೋಡಿದರೂ ಚಿಂತೆಯಿಲ್ಲ.